ಇಸಾಕನಿಗೆ ಆಗ ಎಷ್ಟು ವರ್ಷ?

ಮುದಿ ತಂದೆ, ಎಳೆಯ ಮಗ, ಸೌದೆಯ ಹೊರೆ, ಕೈಯಲ್ಲಿ ಕತ್ತಿ. ಬೈಬಲ್ಲಿನ ಅಬ್ರಹಾಮನ ಕಥೆ ಕೇಳಿದವರ ಕಣ್ಣಮುಂದೆ ಬರುವ ಚಿತ್ರವಿದು. ದೇವರ ಆಜ್ಞೆಯಂತೆ ಅಬ್ರಹಾಮನು ಮಗ ಇಸಾಕನನ್ನು ಬಲಿಕೊಡಲು ಬೆಟ್ಟಕ್ಕೆ ಕರೆದೊಯ್ಯುತ್ತಾನೆ. ಕೊನೆ ಗಳಿಗೆಯಲ್ಲಿ ದೇವದೂತ ತಡೆಯುತ್ತಾನೆ. ಮಗನ ಬದಲು ಟಗರು ಬಲಿಯಾಗುತ್ತದೆ. ಆಗ ಆ ಮಗನಿಗೆ ಎಷ್ಟು ವಯಸ್ಸು? ಬೈಬಲ್ಲಿನ ಆದಿಕಾಂಡ ಅದನ್ನು ಹೇಳುವುದಿಲ್ಲ.

ಆದರೆ ಬೇರೆ ಲೆಕ್ಕಗಳನ್ನು ಅದು ಕೊಟ್ಟಿದೆ. ಇಸಾಕ ಹುಟ್ಟಿದಾಗ ತಂದೆಗೆ 100 ವರ್ಷ, ತಾಯಿ ಸಾರಾಳಿಗೆ 90. ಸಾರಾ ತೀರಿಕೊಂಡದ್ದು 127ನೆಯ ವಯಸ್ಸಿನಲ್ಲಿ. ಬಲಿಯ ಕಥೆಯ ಮುಂದಿನ ಅಧ್ಯಾಯವೇ ಅವಳ ಸಾವಿನದು. ಪ್ರಾಚೀನ ಯೆಹೂದಿ ವ್ಯಾಖ್ಯಾನಕಾರರು ಎರಡನ್ನೂ ಜೋಡಿಸಿದರು: ಮಗನ ಸುದ್ದಿ ಕೇಳಿಯೇ ತಾಯಿಯ ಪ್ರಾಣ ಹೋಯಿತು. 127ರಲ್ಲಿ 90 ಕಳೆದರೆ 37. ಹಾಗಾದರೆ ಬೆಟ್ಟ ಹತ್ತಿದವನು ಬಾಲಕನಲ್ಲ, ಪ್ರಾಯಕ್ಕೆ ಬಂದ ಗಂಡಸು!

ಒಂದನೆಯ ಶತಮಾನದ ಇತಿಹಾಸಕಾರ ಜೋಸೆಫಸ್ 25 ವರ್ಷ ಎಂದ. 12ನೆಯ ಶತಮಾನದ ಸ್ಪೇನಿನ ಪಂಡಿತ ಇಬ್ನ್ ಎಜ್ರಾ, ಸುಮಾರು 13 ಇರಬೇಕು ಎಂದ. ಇದು ಬರಿಯ ಅಂಕಿಗಳ ಜಗಳವಲ್ಲ. 37ರ ಮಗನನ್ನು 137ರ ಮುದುಕ ಕಟ್ಟಿಹಾಕಬೇಕಾದರೆ ಮಗ ತಾನಾಗಿ ಒಪ್ಪಿರಬೇಕು. ಹಾಗೆ ಒಪ್ಪಿದ್ದರೆ ತಂದೆಗಿಂತ ಮಗನೇ ದೊಡ್ಡವನಲ್ಲವೇ, ಗ್ರಂಥ ಅವನನ್ನೇಕೆ ಹೊಗಳಲಿಲ್ಲ ಎಂಬುದು ಇಬ್ನ್ ಎಜ್ರಾನ ಪ್ರಶ್ನೆ. ತಂದೆ ಬಲವಂತವಾಗಿಯೇ ಕಟ್ಟಿದ ಎಂದು ಅವನ ತೀರ್ಮಾನ. ವಯಸ್ಸು ಬದಲಾದರೆ ತ್ಯಾಗ ಯಾರದು ಎಂಬುದೇ ಬದಲಾಗುತ್ತದೆ.

ಲೆಕ್ಕ ಹಟಕ್ಕೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆಯಿದೆ. ಬಲಿಯ ಕಥೆಯ ಬೆನ್ನಿಗೇ ರೆಬೆಕ್ಕಳ ಜನನದ ಪ್ರಸ್ತಾಪ ಬರುತ್ತದೆ. ಇಸಾಕ ಅವಳನ್ನು ಮದುವೆಯಾದಾಗ ಅವನಿಗೆ 40. ಹಾಗಾಗಿ ವಧುವಿಗೆ 3 ವರ್ಷ ಎಂದ, 11ನೆಯ ಶತಮಾನದ ಫ್ರಾನ್ಸಿನ ಮಹಾ ವ್ಯಾಖ್ಯಾನಕಾರ ರಾಶಿ. ಆದರೆ ಅದೇ ಆದಿಕಾಂಡದಲ್ಲಿ ರೆಬೆಕ್ಕ ಕೊಡ ಹೊತ್ತು ಬಂದು ಹತ್ತು ಒಂಟೆಗಳಿಗೆ ನೀರು ಸೇದಿ ಹಾಕುತ್ತಾಳೆ! ಮನೆಯವರು ಅವಳನ್ನು ಕರೆದು, ಹೋಗುತ್ತೀಯಾ ಎಂದು ಕೇಳುತ್ತಾರೆ. ಮೂರರ ಮಗುವಿಗೆ ಇದೆಲ್ಲ ಸಾಧ್ಯವೇ? ಒಂದರ ಪಕ್ಕದಲ್ಲಿ ಇನ್ನೊಂದು ಕಥೆ ಇದ್ದ ಮಾತ್ರಕ್ಕೆ ಎರಡೂ ಒಂದೇ ದಿನ ನಡೆದವು ಎನ್ನಲಾಗದು.

ಇಷ್ಟಾದರೂ ವ್ಯಾಖ್ಯಾನಕಾರರನ್ನು ನೋಡಿ ನಗಬೇಕಿಲ್ಲ. ಬಲಿಯ ಕಥೆಯಲ್ಲಿ ಸಾರಾಳ ಸುಳಿವೇ ಇಲ್ಲ. ಹೆತ್ತವಳಿಗೆ ಗೊತ್ತಿತ್ತೇ, ಯಾರಾದರೂ ಹೇಳಿದರೇ ಎಂಬ ಪ್ರಶ್ನೆಗೆ ಅವರು ಸಂಖ್ಯೆಗಳ ಮೂಲಕ ಉತ್ತರ ಹುಡುಕಿದರು. ಬೆಟ್ಟ ಹತ್ತಿದಾಗಿನ ವಯಸ್ಸು ಊಹೆ. ತಾಯಿ ಸತ್ತಾಗ ಇಸಾಕನಿಗೆ 37 ಆಗಿತ್ತು ಎಂಬುದು ಮಾತ್ರ ಗ್ರಂಥದ್ದೇ ಲೆಕ್ಕ. ಮೂರು ವರ್ಷದ ಮೇಲೆ ರೆಬೆಕ್ಕಳನ್ನು ತಾಯಿಯ ಗುಡಾರಕ್ಕೆ ಕರೆತಂದ ಮೇಲೆಯೇ ಅವನಿಗೆ ಸಮಾಧಾನವಾಯಿತೆಂದು ಆದಿಕಾಂಡ ಹೇಳುತ್ತದೆ. ಅಷ್ಟು ದಿನ ಅವನ ದುಃಖ ಆರಿರಲಿಲ್ಲ.