ಮಹಡಿ ಮನೆಯ ಒಡೆತನ



ಈ ವೇದಿಕೆಯಿಂದ ನಾಡುನುಡಿಗಳ ಮಾತನ್ನು ಬಲ್ಲವರು ಆಡಿದ್ದಾರೆ, ಇನ್ನೂ ಆಡಲಿದ್ದಾರೆ. ಬ್ಯಾಂಕಿನಲ್ಲಿ ಸಾಲದ ಕಾಗದಪತ್ರಗಳ ನಡುವೆ ದಿನ ಕಳೆಯುವ ನಾವು ಮನೆಯ ಮಾತನ್ನಾಡುತ್ತೇವೆ.

ಊರಿನಲ್ಲಿ ಮನೆಯೆಂದರೆ ನೆಲ, ಗೋಡೆ, ಮಾಡು ಎಲ್ಲವೂ ಒಬ್ಬನವೇ. ಇಲ್ಲಿ ಜೀವಮಾನದ ಗಳಿಕೆಯನ್ನು ನಾಲ್ಕನೆಯ ಮಹಡಿಯ ಎರಡು ಕೋಣೆಗಳಿಗೆ ಸುರಿದವನ ನೆಲ ಕೆಳಗಿನವನಿಗೆ ಸೂರು. ಅವನ ಸೂರು ಮೇಲಿನವನಿಗೆ ನೆಲ. ಹಾಗಾದರೆ ಅವನದೆಂಬುದು ಯಾವುದು?

ಸಹಕಾರಿ ಗೃಹನಿರ್ಮಾಣ ಸಂಘದಲ್ಲಿ, ಅಂದರೆ ನಾವೆಲ್ಲ ಸೊಸೈಟಿ ಎನ್ನುವುದರಲ್ಲಿ, ನೆಲವೂ ಕಟ್ಟಡವೂ ಸಂಘದವು. ಸದಸ್ಯನಿಗೆ ದೊರೆಯುವುದು ಕೆಲವು ಷೇರುಗಳು ಮತ್ತು ಅವುಗಳೊಡನೆ ಬರುವ ವಾಸದ ಹಕ್ಕು. ಇಷ್ಟೇ ಏನು ಎಂದು ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. ಈ ವಾಸದ ಹಕ್ಕೂ ಒಂದು ಆಸ್ತಿಯೇ, ಸಾಲಕ್ಕಾಗಿ ಅದನ್ನು ಜಪ್ತಿಮಾಡಿ ಮಾರಬಹುದು ಎಂದು 1975ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಜಪ್ತಿಗೆ ಯೋಗ್ಯವಾದ ಮೇಲೆ ಅದು ಬೆಲೆಯುಳ್ಳ ವಸ್ತುವೆಂಬುದಕ್ಕೆ ಬೇರೆ ಸಾಕ್ಷಿ ಏಕೆ!

ಈ ಏರ್ಪಾಟಿನ ಮೊದಲಲ್ಲಿ ನಮ್ಮ ಕಡೆಯವರೇ ಇದ್ದರೆಂಬುದು ಸಂತೋಷದ ಸಂಗತಿ. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಗೃಹನಿರ್ಮಾಣ ಸಂಘವನ್ನು ಕಟ್ಟಿದ ರಾವ್ ಬಹಾದ್ದೂರ್ ತಲ್ಮಕಿಯವರು ಉತ್ತರ ಕನ್ನಡದ ಚಿತ್ರಾಪುರ ಮಠದ ಸಮಾಜಕ್ಕೆ ಸೇರಿದವರು. ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕನ್ನು 1906ರಲ್ಲಿ ಸ್ಥಾಪಿಸಿದವರೂ ಅವರೇ.

ಮನೆ ಕೊಳ್ಳುವಾಗ ಎಲ್ಲರೂ ಮೊಜೈಕು, ನಲ್ಲಿ, ಗಾಳಿ ಬೆಳಕುಗಳನ್ನು ನೋಡುತ್ತಾರೆ. ನೆಲ ಯಾರ ಹೆಸರಿನಲ್ಲಿದೆ ಎಂದು ಕೇಳುವವರು ವಿರಳ. ಮಹಾರಾಷ್ಟ್ರದ 1963ರ ಫ್ಲ್ಯಾಟ್ ಕಾಯಿದೆಯ ಪ್ರಕಾರ ಕಟ್ಟಿಸಿದವನು ನೆಲವನ್ನು ಸಂಘಕ್ಕೆ ಬರೆದುಕೊಡತಕ್ಕದ್ದು. ಕರಾರಿನಲ್ಲಿ ಬೇರೆ ಗಡುವು ಇಲ್ಲದಿದ್ದರೆ ಸಂಘ ನೋಂದಣಿಯಾದ ನಾಲ್ಕು ತಿಂಗಳೊಳಗೆ. ಎಷ್ಟೋ ಜನ ಕಟ್ಟಿಸಿದವರು ಬರೆದುಕೊಡಲಿಲ್ಲ. ಆದಕಾರಣ 2008ರ ತಿದ್ದುಪಡಿಯಿಂದ, ಅವನು ಸಹಿ ಹಾಕದಿದ್ದರೂ ಸಂಘವು ಜಿಲ್ಲಾ ಉಪನಿಬಂಧಕರಿಗೆ ಅರ್ಜಿಕೊಟ್ಟು ಹಸ್ತಾಂತರ ಪಡೆಯುವ ದಾರಿಯಾಯಿತು. ಕಟ್ಟಡ ಮುಪ್ಪಾಗಿ ಕೆಡವಿ ಕಟ್ಟುವ ದಿನ ಬಂದಾಗ ಈ ಪತ್ರದ ಬೆಲೆ ತಿಳಿಯುತ್ತದೆ. ಗೋಡೆ ಹೋದ ಮೇಲೆ ಉಳಿಯುವುದು ನೆಲ ತಾನೆ?

ಇನ್ನು ನಾಮಿನಿಯ ಮಾತು. ಕೌಂಟರಿನ ಆಚೆ ಬದಿಯಲ್ಲಿ ನಿಂತು ಕಣ್ಣೊರೆಸಿಕೊಳ್ಳುವ ಹೆಣ್ಣುಮಕ್ಕಳನ್ನು ಕಂಡು ಇದನ್ನು ಹೇಳಬೇಕೆನಿಸಿತು. ಗೃಹಸ್ಥರೊಬ್ಬರು ಸಂಘದಲ್ಲಿ ಹೆಂಡತಿಯ ಹೆಸರನ್ನು ನಾಮಿನಿಯೆಂದು ಬರೆಸಿ, ಇನ್ನು ಮನೆ ಅವಳದೇ ಎಂದು ನಿಶ್ಚಿಂತರಾಗಿ ತೀರಿಕೊಂಡರೆನ್ನಿ. ಮನೆ ಅವಳೊಬ್ಬಳದಾಯಿತೆ? ಇಲ್ಲ. ಸಹಕಾರಿ ಕಾಯಿದೆಗೆ 2019ರಲ್ಲಿ ಸೇರಿದ ಅಧ್ಯಾಯವು ನಾಮಿನಿಯನ್ನು ವಾರಸುದಾರರು ಸದಸ್ಯರಾಗುವವರೆಗಿನ ತಾತ್ಕಾಲಿಕ ಸದಸ್ಯರೆಂದೇ ಕರೆಯುತ್ತದೆ. ಅಂಥವರು ಬೀಗದ ಕೈ ಕಾಯುವವರೇ ಹೊರತು ಅಷ್ಟರಿಂದಲೇ ಒಡೆಯರಲ್ಲ. ಉಯಿಲು ಬರೆಯದೆ ಹೋದ ಹಿಂದೂ ಪುರುಷನ ಸ್ವಯಾರ್ಜಿತವು 1956ರ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರಿಗೆ ಸಮಪಾಲಾಗುತ್ತದೆ. ಧಾರವಾಡದಲ್ಲಿ ಹಿರಿಯ ಮಗನ ಮನೆಯಲ್ಲಿರುವ ಮುದುಕಿ ತಾಯಿಗೂ ಇಲ್ಲಿಯ ಫ್ಲ್ಯಾಟಿನಲ್ಲಿ ಪಾಲುಂಟು. ಮದುವೆಯಾಗಿ ಹುಬ್ಬಳ್ಳಿಗೆ ಹೋದ ಮಗಳಿಗೂ ಉಂಟು. ಇದು ನ್ಯಾಯವೇ ಎಂದು ನಮ್ಮ ಅಭಿಪ್ರಾಯ. ಆದರೆ ಹೆಂಡತಿಯೊಬ್ಬಳೇ ಮನೆ ಮಾರಲು ಹೊರಟಾಗ ಐದು ಸಹಿ ಬೇಕೆಂದು ತಿಳಿದು, ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಮನೆ ಅವಳಿಗೇ ಸಲ್ಲಬೇಕೆಂದಿದ್ದರೆ ಉಯಿಲು ಬರೆಯಬೇಕು. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಬೇಕು.

ಮನೆಯನ್ನು ಬಾಡಿಗೆಗೆ ಕೊಟ್ಟು ಊರಿಗೆ ಹೋಗುವವರಿಗೊಂದು ಮಾತು. ಸ್ವತಃ ವಾಸಿಸದಿರುವುದಕ್ಕಾಗಿ ಸಂಘ ವಸೂಲುಮಾಡುವ ಹೆಚ್ಚಿನ ಶುಲ್ಕವು ಸೇವಾಶುಲ್ಕದ ನೂರಕ್ಕೆ 10ನ್ನು ಮೀರಕೂಡದೆಂದು ಸರಕಾರ 2001ರಲ್ಲಿ ಆಜ್ಞೆ ಮಾಡಿದೆ. ಕಂಬಗಳ ನಡುವಿನ ಮೋಟಾರು ನಿಲ್ಲಿಸುವ ಜಾಗವನ್ನು ಕಟ್ಟಿಸಿದವನು ಬೇರೆಯಾಗಿ ಮಾರಲಾಗದೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಮೋಟಾರಿಲ್ಲದ ನಮ್ಮಂಥವರಿಗೆ ಆ ತೀರ್ಪು ಓದಲಷ್ಟೇ ಸೊಗಸು.

ಷೇರು ಪತ್ರ, ಕರಾರು ಪತ್ರಗಳನ್ನು ಇಂದು ಜೊತೆಗೆ ತಂದಿರುವವರು ಫಲಾಹಾರದ ಹೊತ್ತಿನಲ್ಲಿ ತೋರಿಸಬಹುದು. ನಾವು ಹಿಂದಿನ ಸಾಲಿನಲ್ಲಿಯೇ ಕುಳಿತಿರುತ್ತೇವೆ.