ಸಾಲಗಾರನ ಮಗ ಕಾನೂನು ಬರೆದ ಕಥೆ

(ತಾಲ್ಲೂಕು ರೈತ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಲ್ಲಿ ಕೂತು ಕೇಳುತ್ತಿರುವ ನಿಮಗೂ, ನಾಳೆ ಇದನ್ನು ಪತ್ರಿಕೆಯಲ್ಲಿ ಓದುವ ನಿಮಗೂ ಮೊದಲು ಒಂದು ಪ್ರಶ್ನೆ. ನಿಮ್ಮ ಊರಿಂದ ಹೋಗಿ ಕರಿ ಕೋಟು ಹಾಕಿದ ಹುಡುಗರು ಎಷ್ಟು ಜನ? ಅವರಲ್ಲಿ ಎಲೆಕ್ಷನ್ನಿಗೆ ನಿಂತವರೆಷ್ಟು? ಗೆದ್ದ ಮೇಲೆ ರೈತನ ಸಾಲದ ಬಗ್ಗೆ, ಬೆಲೆಯ ಬಗ್ಗೆ ಬಾಯಿ ಬಿಟ್ಟವರೆಷ್ಟು? ಬೆರಳು ಮಡಿಚಿ ಎಣಿಸಿ ನೋಡಿ. ನಾನು ಎಣಿಸಿದೆ, ಒಂದು ಕೈಯ ಬೆರಳೂ ಪೂರ್ತಿ ಬೇಕಾಗಲಿಲ್ಲ.

ಹಾಗಂತ ವಕೀಲರನ್ನೆಲ್ಲ ಬೈಯಲು ನಾನು ಇಲ್ಲಿ ನಿಂತಿಲ್ಲ. ವಕೀಲನೊಬ್ಬ ಮಂತ್ರಿಯಾದ ಮೇಲೂ ತಾನು ಹುಟ್ಟಿದ ಮನೆಯ ಸಾಲವನ್ನು ಮರೆಯದೇ ಇದ್ದರೆ ಏನಾಗಬಹುದು ಅನ್ನುವುದಕ್ಕೆ ಒಂದು ಉದಾಹರಣೆ ಹೇಳ್ತೀನಿ. ಅವರೇ ಪಂಜಾಬಿನ ಸರ್ ಛೋಟು ರಾಮ್. ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ. ಹರಿಯಾಣದಲ್ಲಾದರೆ ಇವರ ಹೆಸರು ಗೊತ್ತಿಲ್ಲದ ರೈತ ಸಿಗುವುದು ಕಷ್ಟ.

ಅವರು ಹುಟ್ಟಿದ್ದು 1881ರಲ್ಲಿ, ರೋಹ್ತಕ್ ಜಿಲ್ಲೆಯ ಗಢಿ ಸಾಂಪ್ಲಾ ಹಳ್ಳಿಯಲ್ಲಿ. ಆಗ ಅದು ಪಂಜಾಬ್ ಪ್ರಾಂತ್ಯ, ಈಗ ಹರಿಯಾಣ. ತಂದೆ ಸಣ್ಣ ರೈತ, ಸಾಲಗಾರ. ಆ ಕಡೆಯ ಜನ ಇಂದಿಗೂ ಒಂದು ಮಾತು ಹೇಳುತ್ತಾರೆ. ಮಗನ ಓದಿಗೆ ಸಾಲ ಕೇಳಲು ತಂದೆ ಸಾಹುಕಾರನ ಮನೆಗೆ ಹೋದರಂತೆ. ಸಾಹುಕಾರ ಪಂಕದ ಹಗ್ಗ ತೋರಿಸಿ, 'ಎಳಿ' ಅಂದನಂತೆ. ಪಕ್ಕದಲ್ಲೇ ಸಾಹುಕಾರನ ಮಗ ಕೂತಿದ್ದ. ವಯಸ್ಸಾದ ನಮ್ಮಪ್ಪನಿಗೆ ಯಾಕೆ ಹೇಳ್ತೀಯ, ನಿನ್ನ ಮಗನಿಗೆ ಹೇಳು ಅಂತ ಹುಡುಗ ಅಲ್ಲೇ ಎದುರಾಡಿದನಂತೆ. ಕಥೆ ಬಾಯಿಂದ ಬಾಯಿಗೆ ಬರುವಾಗ ಸ್ವಲ್ಪ ಬೆಳೆದಿರಬಹುದು. ಆದರೆ ಸಾಹುಕಾರನ ಜಗಲಿ ಕೆಳಗೆ ಕೈಕಟ್ಟಿ ನಿಂತ ಅಪ್ಪನನ್ನು ನೋಡಿದ ಮಕ್ಕಳು ನಮ್ಮಲ್ಲೂ ಇದ್ದಾರೆ, ಅವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗ ದಿಲ್ಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ 1905ರಲ್ಲಿ ಪದವಿ ಮುಗಿಸಿದ. ಆಗ್ರಾದಲ್ಲಿ ಕಾನೂನು ಓದಿ, ಅಲ್ಲೇ ವಕೀಲಿ ಶುರುಮಾಡಿ, 1912ರಲ್ಲಿ ತನ್ನ ಜಿಲ್ಲೆಯಾದ ರೋಹ್ತಕ್‌ಗೇ ವಾಪಸ್ ಬಂದ. 1916ರಲ್ಲಿ 'ಜಾಟ್ ಗೆಜೆಟ್' ಅನ್ನುವ ಉರ್ದು ವಾರಪತ್ರಿಕೆ ಹೊರಡಿಸಿದ. ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷನಾದ. 1920ರಲ್ಲಿ ಅಸಹಕಾರ ಚಳವಳಿಯನ್ನು ಒಪ್ಪದೆ ಕಾಂಗ್ರೆಸ್ ಬಿಟ್ಟ. 1923ರಲ್ಲಿ ಫಜ್ಲಿ ಹುಸೇನ್ ಅವರ ಜೊತೆ ಸೇರಿ ಯೂನಿಯನಿಸ್ಟ್ ಪಕ್ಷ ಕಟ್ಟಿದ. ಹಿಂದೂ, ಮುಸ್ಲಿಂ, ಸಿಖ್ ರೈತರು ಒಂದೇ ಪಕ್ಷದಲ್ಲಿ! 1924ರಿಂದ 1926ರವರೆಗೆ ಕೃಷಿ ಮಂತ್ರಿ. 1937ರಲ್ಲಿ ಆ ಪಕ್ಷ ಗೆದ್ದು ಸಿಕಂದರ್ ಹಯಾತ್ ಖಾನ್ ಮುಖ್ಯಸ್ಥರಾದಾಗ ಮತ್ತೆ ಮಂತ್ರಿ, ಮೊದಲು ಅಭಿವೃದ್ಧಿ ಖಾತೆ, ಆಮೇಲೆ ಕಂದಾಯ. 1945ರ ಜನವರಿ 9ರಂದು ಲಾಹೋರಿನಲ್ಲಿ ತೀರಿಕೊಂಡಾಗಲೂ ಮಂತ್ರಿಯೇ.

ಇದು ಕುರ್ಚಿಗಳ ಲೆಕ್ಕವಾಯಿತು. ನಮಗೆ ಬೇಕಾದ್ದು ಆ ಕುರ್ಚಿಯಲ್ಲಿ ಕೂತು ಏನು ಮಾಡಿದರು ಅನ್ನುವ ಲೆಕ್ಕ.

ಆಗಿನ ಪಂಜಾಬಿನ ಸ್ಥಿತಿ ಕೇಳಿ. ಮಾಲ್ಕಂ ಡಾರ್ಲಿಂಗ್ ಅನ್ನುವ ಬ್ರಿಟಿಷ್ ಅಧಿಕಾರಿ ಹಳ್ಳಿ ಹಳ್ಳಿ ತಿರುಗಿ ಲೆಕ್ಕ ಹಾಕಿದ. 1921ರ ಹೊತ್ತಿಗೆ ಪ್ರಾಂತ್ಯದ ರೈತರ ಸಾಲ ಸುಮಾರು 90 ಕೋಟಿ ರೂಪಾಯಿ. 1930ರ ಬ್ಯಾಂಕಿಂಗ್ ವಿಚಾರಣಾ ಸಮಿತಿಯ ಹೊತ್ತಿಗೆ ಅದು 135 ಕೋಟಿ. ಅಷ್ಟರಲ್ಲಿ ಜಗತ್ತಿನ ಮಾರುಕಟ್ಟೆಯೇ ಕುಸಿದು ಗೋಧಿ ಬೆಲೆ ನೆಲಕಚ್ಚಿತು. ಒಂದು ಚೀಲ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ ಎರಡು ಚೀಲ ಮಾರಬೇಕಾಯಿತು. ಸಾಲ ಬೆಳೆದದ್ದು ರೈತನ ದುಂದಿನಿಂದಲ್ಲ, ಬೆಲೆ ಬಿದ್ದದ್ದರಿಂದ. ಈ ಮಾತನ್ನು ನಾವು ಇಂದಿಗೂ ದಿನಾ ಹೇಳಬೇಕಾಗಿದೆ.

ಆಗ ಬಂದ ಕಾನೂನುಗಳನ್ನು ಒಂದೊಂದಾಗಿ ನೋಡೋಣ. 1934ರದು ಸಾಲ ಪರಿಹಾರ ಕಾಯಿದೆ. ಬಡ್ಡಿ ಎಷ್ಟೇ ಬೆಳೆದರೂ ಒಟ್ಟು ವಸೂಲಿ ಅಸಲಿನ ಎರಡರಷ್ಟು ಮೀರಬಾರದು, ಸಾಲಗಾರ ಮತ್ತು ಸಾಹುಕಾರರನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸಲು ಮಂಡಳಿ. 1936ರದು ಸಾಲಗಾರರ ರಕ್ಷಣಾ ಕಾಯಿದೆ. ಈ ಎರಡೂ ಬಂದಾಗ ಛೋಟು ರಾಮ್ ಮಂತ್ರಿಯಲ್ಲ, ಗಮನಿಸಿ. ಕುರ್ಚಿ ಇಲ್ಲದಾಗಲೂ ಕೌನ್ಸಿಲಿನಲ್ಲಿ ಕೂತು ಅದಕ್ಕಾಗಿ ಹೋರಾಡಿದರು. ಮಂತ್ರಿಯಾದ ಮೇಲೆ 1938ರಲ್ಲಿ ಲೇವಾದೇವಿಗಾರರ ನೋಂದಣಿ ಕಾಯಿದೆ ಬಂತು. ನೋಂದಣಿ ಮಾಡಿಸದ, ಲೈಸೆನ್ಸ್ ಇಲ್ಲದ ಸಾಹುಕಾರ ಕೋರ್ಟಿಗೆ ಹೋಗಿ ವಸೂಲಿ ಮಾಡುವಂತಿಲ್ಲ. ಅದೇ ವರ್ಷ ಒತ್ತೆ ಜಮೀನು ವಾಪಸಾತಿ ಕಾಯಿದೆ. 1901ರ ಜೂನ್ 8ಕ್ಕೆ ಮೊದಲು ಒತ್ತೆ ಬಿದ್ದು ಇನ್ನೂ ಸಾಹುಕಾರನ ಕೈಯಲ್ಲೇ ಇದ್ದ ಜಮೀನು ಮೂಲ ಒಡೆಯನಿಗೆ ಮರಳಬೇಕು. ಇಷ್ಟು ವರ್ಷ ಉಂಡ ಬೆಳೆಯಲ್ಲೇ ಸಾಲ ತೀರಿದೆ ಅನ್ನುವುದೇ ಅದರ ನ್ಯಾಯ.

ಈ ಕಾನೂನಿನ ಬೆಲೆ ನನಗೆ ಗೊತ್ತು ಬಂಧುಗಳೇ. ನಮ್ಮಜ್ಜ ಎರಡು ಎಕರೆ ಹೊಲವನ್ನು ಅತ್ತೆಯ ಮದುವೆಗೆ ಅಂತ ಭೋಗ್ಯಕ್ಕೆ ಹಾಕಿದ್ದರು. ಸಾಲ ಕೊಟ್ಟವನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ಹೊಲದ ರಾಗಿ ಉಂಡ. ಅಸಲು ಮಾತ್ರ ಒಂದು ಕಾಸೂ ಕರಗಲಿಲ್ಲ. ನಮ್ಮಪ್ಪ ಅದೇ ಹೊಲಕ್ಕೆ ಕೂಲಿಗೆ ಹೋಗಿ ಕಳೆ ಕಿತ್ತಿದ್ದಾರೆ. ತನ್ನ ಹೊಲದಲ್ಲಿ ತಾನೇ ಕೂಲಿ! ಉಂಡ ಬೆಳೆಗೆ ಲೆಕ್ಕ ಹಾಕಿ ಅಂತ ಕೇಳುವ ಕಾನೂನು ಅಜ್ಜನಿಗೆ ಗೊತ್ತಿರಲಿಲ್ಲ, ಹೇಳುವ ವಕೀಲನೂ ಸಿಗಲಿಲ್ಲ.

ಇನ್ನು 1939ರ ಮಾರುಕಟ್ಟೆ ಕಾಯಿದೆ. ಮಂಡಿಯಲ್ಲಿ ದಲ್ಲಾಲಿ, ಹಮಾಲಿ, ತೂಕದ ಕೂಲಿ ಅಂತ ಮುರಿದುಕೊಂಡದ್ದು ಸಾಲದೆ ದೇವಸ್ಥಾನಕ್ಕೆ, ಗೋಶಾಲೆಗೆ ಅಂತಲೂ ಧರ್ಮದ ಹೆಸರಲ್ಲಿ ಮುರಿಯುತ್ತಿದ್ದರು. ದಾನ ರೈತನದು, ಪುಣ್ಯ ಮಂಡಿಯವನದು. ಈ ಮುರಿತಕ್ಕೆ ಕಾನೂನು ಕಡಿವಾಣ ಹಾಕಿತು, ಮಾರುಕಟ್ಟೆ ಸಮಿತಿಯಲ್ಲಿ ಬೆಳೆಗಾರನಿಗೆ ಕುರ್ಚಿ ಕೊಟ್ಟಿತು. ನಮ್ಮ ರಾಜ್ಯದಲ್ಲಿ 1966ರಲ್ಲಿ ಬಂದ ಎಪಿಎಂಸಿ ಕಾಯಿದೆಯೂ ಇದೇ ದಾರಿಯದು. ಈ ಕಾನೂನುಗಳನ್ನು ರೈತರು ಸುವರ್ಣ ಕಾನೂನು ಅಂದರು, ಸಾಹುಕಾರರು ಕರಾಳ ಕಾನೂನು ಅಂದರು. ಒಂದೇ ಕಾಗದ, ಎರಡು ಹೆಸರು. ಕಾನೂನು ಯಾರ ಪರ ಅಂತ ತಿಳಿಯಬೇಕಾದರೆ ಯಾರು ಬೈತಾರೆ ಅಂತ ನೋಡಿ, ಸಾಕು.

ಇಷ್ಟು ಹೇಳಿ ಚಪ್ಪಾಳೆ ಹೊಡೆಸಿಕೊಂಡು ಕೂತುಬಿಟ್ಟರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಛೋಟು ರಾಮರ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಕಡೆಯ ಪುಟವೂ ಇದೆ.

ಒಂದು, ಅವರು ಬ್ರಿಟಿಷರ ಜೊತೆ ಹೊಂದಿಕೊಂಡು ಹೋದವರು. ಎರಡು ಮಹಾಯುದ್ಧಗಳಿಗೂ ಹಳ್ಳಿ ಹುಡುಗರನ್ನು ಸೈನ್ಯಕ್ಕೆ ಸೇರಿಸಲು ಓಡಾಡಿದರು. 'ಸರ್' ಅನ್ನುವ ಬಿರುದು ಸುಮ್ಮನೆ ಬರಲಿಲ್ಲ.

ಎರಡು, ಯುದ್ಧಕಾಲದಲ್ಲಿ ಸರ್ಕಾರ ಗೋಧಿಗೆ ಗರಿಷ್ಠ ಬೆಲೆ ಕಟ್ಟಿದಾಗ ಅವರು ಗಟ್ಟಿಯಾಗಿ ವಿರೋಧಿಸಿದರು. ಪೇಟೆಯ ಬಟ್ಟೆಗೆ, ಕಬ್ಬಿಣಕ್ಕೆ ಇಲ್ಲದ ಕಡಿವಾಣ ರೈತನ ಕಾಳಿಗೆ ಮಾತ್ರ ಯಾಕೆ ಅನ್ನುವ ಪ್ರಶ್ನೆ ನ್ಯಾಯವೇ. ಆದರೆ 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು, ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯ ಕೂಲಿಗಳು. ಬೆಳೆದವನಿಗೆ ಬೆಲೆಯೂ ಬೇಕು, ಕೊಳ್ಳಲಾರದವನಿಗೆ ಅನ್ನವೂ ಬೇಕು. ನಡುವಿನ ಹಣವನ್ನು ಸರ್ಕಾರ ಹೊರಬೇಕು. ಈ ಎರಡು ಮಾತನ್ನು ಒಟ್ಟಿಗೆ ಹೇಳದ ರೈತ ಚಳವಳಿ ಅರ್ಧ ಚಳವಳಿ.

ಮೂರನೆಯದೇ ದೊಡ್ಡದು. ಪಂಜಾಬಿನ 1900ರ ಭೂ ಪರಭಾರೆ ಕಾಯಿದೆಯಲ್ಲಿ 'ಕೃಷಿಕ ಜಾತಿ'ಗಳ ಪಟ್ಟಿ ಇತ್ತು. ಪಟ್ಟಿಯಲ್ಲಿದ್ದವರ ಜಮೀನನ್ನು ಹೊರಗಿನವರು ಕೊಳ್ಳುವಂತಿರಲಿಲ್ಲ. ಛೋಟು ರಾಮರ ರಾಜಕೀಯವೆಲ್ಲ ನಿಂತದ್ದು ಆ ಪಟ್ಟಿಯ ಮೇಲೆ. ಹೊಲದಲ್ಲಿ ದುಡಿಯುವ ದಲಿತರು, ಕಸುಬಿನವರು ಪಟ್ಟಿಯ ಹೊರಗೆ! ನೇಗಿಲು ಹಿಡಿದವನು ಕೃಷಿಕನಲ್ಲ ಅಂತ ಬರೆದ ಕಾನೂನು ಅದು. ಪಟ್ಟಿಯೊಳಗಿನ ದೊಡ್ಡ ರೈತ ತಾನೇ ಬಡ್ಡಿಗೆ ಕೊಟ್ಟು ಸಣ್ಣವನ ಹೊಲ ಸೇರಿಸಿಕೊಂಡದ್ದೂ ಉಂಟು. ಇಲ್ಲಿ ಕೂತವರಲ್ಲಿ ಬಡ್ಡಿಗೆ ಕೊಡುವವರು ಇಲ್ಲವೇ? ನನ್ನ ಕಡೆ ನೋಡಬೇಡಿ, ನಿಮ್ಮ ಎದೆ ಮುಟ್ಟಿ ನೋಡಿಕೊಳ್ಳಿ. ಸಾಹುಕಾರನ ಜಾತಿ ಬದಲಾದರೆ ಬಡ್ಡಿ ಸಿಹಿಯಾಗುವುದಿಲ್ಲ.

ಇಷ್ಟೆಲ್ಲ ಕಳೆದರೂ ಉಳಿಯುವುದು ಕಡಿಮೆಯಲ್ಲ. ಮತದ ಹೆಸರಲ್ಲಿ ಪಂಜಾಬನ್ನು ಒಡೆಯಲು ಹೊರಟವರಿಗೆ ಅವರು ಕೊನೆಯವರೆಗೂ ಅಡ್ಡ ನಿಂತರು. ಅವರು ಸತ್ತ ಎರಡೂವರೆ ವರ್ಷಕ್ಕೆ ಪಂಜಾಬ್ ಒಡೆದು ರಕ್ತದ ಮಡುವಾಯಿತು. 2018ರಲ್ಲಿ ಸಾಂಪ್ಲಾದಲ್ಲಿ ಅವರಿಗೆ 64 ಅಡಿಯ ಪ್ರತಿಮೆ ನಿಂತಿತು. ಅದೇ ರಸ್ತೆಯಲ್ಲಿ ದಿಲ್ಲಿ ಕಡೆಗೆ ಹೋದರೆ ಟಿಕ್ರಿ ಗಡಿ. 2020ರ ಚಳಿಯಲ್ಲಿ ರೈತರು ಟ್ರ್ಯಾಕ್ಟರ್ ನಿಲ್ಲಿಸಿ ವರ್ಷ ಕಾಲ ಕೂತ ಜಾಗ. 2021ರಲ್ಲಿ ಮೂರು ಕೃಷಿ ಕಾನೂನು ವಾಪಸಾದವು. ಪ್ರತಿಮೆ ಕಟ್ಟಿದವರು ಯಾರೋ, ಅವರ ಪಾಠ ಕಲಿತವರು ಇವರು.

ನಮ್ಮಲ್ಲೂ ಕಾನೂನುಗಳು ಬಂದವು. 1976ರಲ್ಲಿ ದೇವರಾಜ ಅರಸರ ಕಾಲದ ಋಣ ಪರಿಹಾರ ಕಾಯಿದೆ ಬಂತು. ಅರಸರೇನು ವಕೀಲರಲ್ಲ, ರೈತರ ಮನೆಯವರು. 2025ರಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯುವ ಕಾನೂನು ಬಂತು, ಅಲ್ಲೂ ಸಾಲ ಕೊಡುವವನು ನೋಂದಣಿ ಮಾಡಿಸಬೇಕು ಅಂತಲೇ ಇದೆ. 1938ರ ಮಾತನ್ನೇ ಇಷ್ಟು ವರ್ಷದ ಮೇಲೆ ಮತ್ತೆ ಬರೆದಿದ್ದೇವೆ. ಯಾಕೆ? ಕಾನೂನು ಬರೆದರೆ ಮುಗಿಯಲಿಲ್ಲ, ಅದನ್ನು ಹಿಡಿದು ಕೂರುವ ಜನ ಹಳ್ಳಿಯಲ್ಲಿ ಬೇಕು.

ಆದ್ದರಿಂದ ಮೂರು ಕೆಲಸ ಹೇಳಿ ಮುಗಿಸ್ತೀನಿ. ಸಾಲದ ಪ್ರತಿ ಕಾಗದದ ನಕಲು ಮನೆಯಲ್ಲಿಡಿ, ಓದಿಸದೆ ಹೆಬ್ಬೆಟ್ಟೂ ಬೇಡ, ಸಹಿಯೂ ಬೇಡ. ಬಾಗಿಲಿಗೆ ಬಂದವನನ್ನು ನೋಂದಣಿ ಪತ್ರ ಎಲ್ಲಿ ಅಂತ ಮೊದಲು ಕೇಳಿ. ಮೂರನೆಯದು, ನಿಮ್ಮ ಊರಿನ ಆ ಕರಿಕೋಟಿನ ಹುಡುಗನನ್ನು ಮುಂದಿನ ಸಭೆಗೆ ಕರೆತನ್ನಿ. ಹಾರ ಹಾಕಬೇಡಿ. ನೆಲದ ಮೇಲೆ ನಮ್ಮ ಜೊತೆ ಕೂರಿಸಿ, ಅವನ ಕೈಗೆ ನಿಮ್ಮ ಸಾಲದ ಕಾಗದ ಕೊಡಿ. ಅವನು ಅದನ್ನು ಹೇಗೆ ಓದುತ್ತಾನೆ ಅನ್ನುವುದರ ಮೇಲೆ ಅವನಿಗೆ ಓಟು ಹಾಕಬೇಕೋ ಬೇಡವೋ ತೀರ್ಮಾನ ಮಾಡಿ.