ಇಳಿದ ತೂಕ ಮತ್ತೆ ಏರಿದಾಗ



ತೂಕ ಇಳಿಸಲು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ನಿಮ್ಮ ಬಂಧುಗಳಲ್ಲೂ ಇರಬಹುದು. ಮೊದಲ ಒಂದೆರಡು ವರ್ಷ ತೂಕ ಸರಸರನೆ ಇಳಿಯುತ್ತದೆ. ಐದಾರು ವರ್ಷಗಳ ನಂತರ, ಆಗ ಹೊಲಿಸಿದ ಬಟ್ಟೆ ಬಿಗಿಯಾದರೆ ‘ನಾಲಿಗೆ ಚಪಲ’ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಅದು ಅನ್ಯಾಯ.

1966ರಲ್ಲಿ ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಆರಂಭಿಸಿದ ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿಸಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಆ ಚೀಲ ಕ್ರಮೇಣ ಹಿಗ್ಗಬಹುದು. ತೂಕ ಕಳೆದುಕೊಂಡ ದೇಹ ಶಕ್ತಿಯನ್ನು ಜಿಪುಣತನದಿಂದ ಖರ್ಚು ಮಾಡುತ್ತದೆ, ಹಸಿವೂ ಮರಳುತ್ತದೆ. ಚಪಾತಿಯಾದರೆ ಚೀಲ ಬೇಗ ತುಂಬೀತು. ಸಿಹಿ ಕಾಫಿ, ಹಣ್ಣಿನ ರಸ, ಐಸ್‌ಕ್ರೀಮ್‌ಗಳು ಸಲೀಸಾಗಿ ಜಾರಿಹೋಗುತ್ತವೆ.

ಹಾಗಾದರೆ ಮಾಡುವುದೇನು? ಉಪವಾಸವಂತೂ ಅಲ್ಲ. ಮೊದಲು ವೈದ್ಯರನ್ನು ಕಾಣಬೇಕು. ನಾಚಿಕೆಯಿಂದ ಆ ಬಾಗಿಲಿಗೇ ಹೋಗದವರುಂಟು! ಜಠರದ ಸ್ಥಿತಿ, ರಕ್ತದಲ್ಲಿನ ಕಬ್ಬಿಣ, ಬಿ12 ಜೀವಸತ್ವ, ಬೇರೆ ಕಾಯಿಲೆಗೆ ನುಂಗುವ ಮಾತ್ರೆಗಳು, ಎಲ್ಲವನ್ನೂ ಅವರು ನೋಡಬೇಕು. ಅಗತ್ಯವಿದ್ದರೆ ಔಷಧವೂ ಉಂಟು. ತಟ್ಟೆಯಲ್ಲಿ ಮೊದಲು ಕಾಳು, ಮೊಟ್ಟೆ, ಮೊಸರು, ಅನ್ನ ಆಮೇಲೆ. ನೀರು ಊಟದ ಜೊತೆಗೆ ಬೇಡ, ಅರ್ಧ ಗಂಟೆ ಕಳೆಯಲಿ. ದಿನವೂ ನಡಿಗೆ, ಜೊತೆಗೆ ಸ್ನಾಯುಗಳಿಗೆ ಕೆಲಸ.

ನಿಮ್ಮ ಚಿಕ್ಕಮ್ಮನೋ ಮಾವನೋ ಆಸ್ಪತ್ರೆಗೆ ಹೋಗಲು ಹಿಂಜರಿದರೆ, ಒಂದು ಭಾನುವಾರ ಅವರೊಡನೆ ವಾಕಿಂಗ್ ಹೊರಡಿ. ಸೋಮವಾರ ಆಸ್ಪತ್ರೆಗೂ ಜೊತೆಯಾಗಿ.